ಹೊಲಿಗೆ ಯಾಕೆ ಸೊಟ್ಟ, ಬೆಲ್ಟಿನ ಮೇಲೆ ಯಾಕೆ ಕಲೆ: ಚರ್ಮದ ಕೆಲಸದಲ್ಲಿ ದೋಷ ಹುಡುಕುವ ಕೈಪಿಡಿ

ನಮ್ಮ ಮನೆ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿ ಇದೆ. ಒಳಗೆ ನಾನು ಕೆಡಿಸಿದ ಸಾಮಾನು: ನಾಲ್ಕು ಬೆಲ್ಟು, ಎರಡು ಪಾಕೀಟು, ಕನ್ನಡಕ ಇಡುವ ಒಂದು ಚೀಲ, ಇನ್ನೂ ಏನೇನೋ ಚೂರು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗೆಲ್ಲ "ಇದನ್ನ ಒಗದ ಬಿಡ್ರಿ" ಅಂತ ಮನೆಯವರು ಹೇಳುತ್ತಾರೆ. ನಾನು ಒಗೆಯುವುದಿಲ್ಲ. ಹೊಸದಾಗಿ ಏನಾದರೂ ಕೆಟ್ಟರೆ ಮೊದಲು ಆ ಡಬ್ಬಿ ಇಳಿಸುತ್ತೇನೆ. ಎಷ್ಟೋ ಸಲ ಅದೇ ತಪ್ಪು ಅಲ್ಲಿ ಆಗಲೇ ಇರುತ್ತದೆ.

ಧಾರವಾಡದಲ್ಲಿ ರಜೆಯ ದಿನ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಾಡುವ ಕೆಲಸ ಇದು. ಕಲಿಸುವವರು ಕಡಿಮೆ. ಹಾಗಾಗಿ ತಪ್ಪು ಆದಾಗ ಯಾಕಾಯಿತು ಅಂತ ನಾವೇ ಹುಡುಕಬೇಕು. ನನಗೆ ಗೊತ್ತಾದದ್ದು ಒಂದೇ: ತಪ್ಪು ಯಾವ ಹಂತದಲ್ಲಿ ಕಣ್ಣಿಗೆ ಬಿತ್ತೋ ಆ ಹಂತದಲ್ಲೇ ಆಗಿರುವುದು ಅಪರೂಪ. ಹೊಲಿಗೆ ಸೊಟ್ಟ ಕಂಡರೆ ತೂತು ನೋಡಬೇಕು. ಅಂಚು ಹೊಳೆಯದಿದ್ದರೆ ಚರ್ಮ ಯಾವುದು ಅಂತ ನೋಡಬೇಕು. ಬಣ್ಣ ಹತ್ತದಿದ್ದರೆ ಅಂಟು ಎಲ್ಲಿ ತಾಗಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ಒಂದು ಹೆಜ್ಜೆ ಹಿಂದೆ ಹೋಗಿ ಹುಡುಕಿ. ಅಲ್ಲಿ ಸಿಗದಿದ್ದರೆ ಇನ್ನೊಂದು ಹೆಜ್ಜೆ.

ಎಲ್ಲಕ್ಕಿಂತ ಮೊದಲು: ಇದು ಯಾವ ಚರ್ಮ?

ಪೇಟೆಯಲ್ಲಿ ತೂಕದ ಲೆಕ್ಕದಲ್ಲಿ ತುಂಡು ಚರ್ಮ ತಂದಿರುತ್ತೀರಿ. ಅದು ಯಾವ ಹದದ್ದು ಅಂತ ಕೇಳಿದರೆ "ಒರಿಜಿನಲ್ ಐತ್ರಿ" ಅಂತ ಉತ್ತರ ಬರುತ್ತದೆ. ಒರಿಜಿನಲ್ ಇರಬಹುದು, ಆದರೆ ಅದರಲ್ಲೂ ಎರಡು ಜಾತಿ ಇವೆ. ಒಂದು, ಮರದ ತೊಗಟೆ, ಅಳಲೆಕಾಯಿ ಇಂಥವುಗಳಿಂದ ಹದ ಮಾಡಿದ್ದು. ಇನ್ನೊಂದು, ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು. ಪುಸ್ತಕದಲ್ಲೋ ವಿಡಿಯೋದಲ್ಲೋ ನೋಡಿದ ಅಂಚು ಉಜ್ಜುವ ಕೆಲಸ, ಅಚ್ಚು ಒತ್ತುವ ಕೆಲಸ ಬಹುತೇಕ ತೊಗಟೆ ಹದದ ಚರ್ಮಕ್ಕೆ ಹೇಳಿದ್ದು. ಕ್ರೋಮ್ ಚರ್ಮದ ಮೇಲೆ ಅದನ್ನು ಮಾಡಲು ಹೋದರೆ ಇಡೀ ದಿನ ಉಜ್ಜಿದರೂ ಏನೂ ಆಗುವುದಿಲ್ಲ. ನನ್ನ ಮೊದಲನೇ ಬೆಲ್ಟು ಹಾಗೇ ಹೋಯಿತು.

ಪರೀಕ್ಷೆ ಸುಲಭ. ನಯವಾದ ಬದಿಯ ಮೇಲೆ ಒಂದು ಹನಿ ನೀರು ಬಿಡಿ. ಪಾಲಿಶ್ ಇಲ್ಲದ ತೊಗಟೆ ಹದದ ಚರ್ಮ ಅದನ್ನು ಬೇಗ ಕುಡಿಯುತ್ತದೆ, ಆ ಜಾಗ ಕಪ್ಪಾಗುತ್ತದೆ. ಅಲ್ಲಿ ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ಕ್ರೋಮ್ ಚರ್ಮದಲ್ಲಿ ಉಗುರಿನ ಗುರುತು ಮೆಲ್ಲಗೆ ವಾಪಸ್ ಎದ್ದುಬರುತ್ತದೆ. ಎರಡನೆಯದು, ಹೊಸದಾಗಿ ಕತ್ತರಿಸಿದ ಅಂಚು ನೋಡಿ. ಒಳಗೆ ನೀಲಿ-ಬೂದು ಛಾಯೆ ಇದ್ದರೆ ಕ್ರೋಮ್. ಆಳದವರೆಗೆ ಬಣ್ಣ ಹಾಕಿದ್ದರೆ ಮಾತ್ರ ಇದು ಕಾಣುವುದಿಲ್ಲ. ಸುಟ್ಟು ನೋಡುವ ಪರೀಕ್ಷೆಯೂ ಇದೆ, ಆದರೆ ಕ್ರೋಮ್ ಚರ್ಮದ ಹೊಗೆ, ಬೂದಿ ಒಳ್ಳೆಯದಲ್ಲ. ನಾನಂತೂ ಮಾಡುವುದಿಲ್ಲ.

ಹೋಲಿಸಿ ನೋಡಲು ಮಾದರಿ ಬೇಕು ಅಂದರೆ ಮನೆಯಲ್ಲೇ ಇರಬಹುದು. ಹಳೆಯ ಅಸಲಿ ಕೊಲ್ಹಾಪುರಿ ಚಪ್ಪಲಿ ತೊಗಟೆ ಹದದ ಚರ್ಮದ್ದು. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ (ಒಂದು ಸಾಮಾನು ಯಾವ ಊರ ಕಡೆಯದು ಅಂತ ಹೇಳುವ ಸರ್ಕಾರಿ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಅದರ ಅಟ್ಟೆಯ ಪಕ್ಕದ ಅಂಚು ನೋಡಿ: ಒಂದೇ ಸಮ ಕಂದು ಬಣ್ಣ, ಒತ್ತಾದ ನಾರು, ಬಿಗಿ. ನಿಮ್ಮ ತುಂಡು ಅದರಂತೆ ಕಾಣದಿದ್ದರೆ ಅಂಚು ಉಜ್ಜಿ ಹೊಳಪು ತರುವ ಆಸೆ ಬಿಟ್ಟುಬಿಡಿ.

ಹೊಲಿಗೆ ಮುಂದೆ ಚೆಂದ, ಹಿಂದೆ ಹಾವಿನಂತೆ

ಎಲ್ಲರಿಗೂ ಬರುವ ದೂರು ಇದು. ಮುಂದಿನ ಬದಿಯಲ್ಲಿ ಸಾಲು ನೆಟ್ಟಗೆ ಇರುತ್ತದೆ. ತಿರುಗಿಸಿದರೆ ಒಮ್ಮೆ ಅಂಚಿಗೆ, ಒಮ್ಮೆ ಒಳಗೆ. ನಾನು ತಿಂಗಳುಗಟ್ಟಲೆ ದಾರ ಎಳೆಯುವ ಕೈಯನ್ನೇ ಬೈದುಕೊಂಡೆ. ದುಬಾರಿ ದಾರ ತರಿಸಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿಗೆ ಆ ಪಾಕೀಟು ತೋರಿಸಿದೆ. ಅವರು ಮುಂದಿನ ಬದಿ ನೋಡಲೇ ಇಲ್ಲ. ಸೀದಾ ತಿರುಗಿಸಿದರು. ಬೆರಳಿನಿಂದ ಸಾಲು ಸವರಿ, "ತಮ್ಮಾ, ಹೊಲಿಗಿ ಛಲೋ ಐತಿ. ಆರಿ ವಾಲತೈತಿ ನೋಡು" ಅಂದರು.

ಆರಿ ಅಂದರೆ ತೂತು ಹಾಕುವ ಮೊನೆ. ಮನೆಗೆ ಬಂದು ಸ್ಕೇಲ್ ಇಟ್ಟು ಅಳೆದೆ. ಮುಂದೆ ಎಲ್ಲ ತೂತೂ ಅಂಚಿನಿಂದ 4 ಮಿ.ಮೀ. ಹಿಂದೆ ಕೆಲವು 3, ಕೆಲವು 5 ದಾಟಿದ್ದವು. ಲೆಕ್ಕ ಹಾಕಿದರೆ ಗುಟ್ಟು ಗೊತ್ತಾಗುತ್ತದೆ. ಎರಡು ಪದರ ಸೇರಿ 5 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. ಆರಿ ನೆಟ್ಟಗೆ ಇಳಿಯದೆ 15 ಡಿಗ್ರಿ ವಾಲಿದರೆ ಸಾಕು, ಹಿಂದಿನ ತೂತು ಸುಮಾರು 1.3 ಮಿ.ಮೀ. ಜಾರುತ್ತದೆ. ಒಂದು ತೂತು ಆ ಕಡೆ, ಮುಂದಿನದು ಈ ಕಡೆ ವಾಲಿದರೆ ನಡುವೆ 2.6 ಮಿ.ಮೀ. ಅಂತರ. ಕಣ್ಣಿಗೆ ಹೊಡೆಯದೆ ಇರುತ್ತದಾ? ತೆಳು ಚರ್ಮದಲ್ಲಿ ಇದೇ ತಪ್ಪು ಇದ್ದರೂ ಕಾಣುವುದಿಲ್ಲ. ಅದಕ್ಕೇ ಪಾಕೀಟಿನ ಒಳ ಜೇಬು ಚೆನ್ನಾಗಿ ಬಂದು, ಬೆಲ್ಟಿಗೆ ಬಂದಾಗ ನಾವು ಬಯಲಾಗುತ್ತೇವೆ.

ಹಾಗಾದರೆ ಹೀಗೆ ಪತ್ತೆ ಮಾಡಿ. ದಾರ ಬಿಚ್ಚಿ, ಬರೀ ತೂತು ನೋಡಿ. ಮುಂದೆಯೂ ಹಿಂದೆಯೂ ತೂತಿನ ಸಾಲು ಸೊಟ್ಟ ಇದ್ದರೆ ಗೆರೆ ಹಾಕುವಾಗಲೇ ತಪ್ಪಿದೆ. ಮುಂದೆ ನೆಟ್ಟಗೆ, ಹಿಂದೆ ಸೊಟ್ಟ ಇದ್ದರೆ ಆರಿ ವಾಲಿದೆ. ಎರಡೂ ಕಡೆ ತೂತು ನೆಟ್ಟಗೇ ಇದ್ದು ಹೊಲಿಗೆ ಮಾತ್ರ ಸೊಟ್ಟ ಇದ್ದರೆ ಆಗ ದಾರದ ವಿಷಯಕ್ಕೆ ಬನ್ನಿ, ಅದಕ್ಕೂ ಮೊದಲು ಬೇಡ.

ಆರಿ ವಾಲುವುದಕ್ಕೆ ಮದ್ದು ಮಕ್ಕಳ ಕಂಪಾಸ್ ಬಾಕ್ಸಿನಲ್ಲಿದೆ. ಅದರ ತ್ರಿಕೋನ ಪಟ್ಟಿಯನ್ನು ಚರ್ಮದ ಮೇಲೆ ನಿಲ್ಲಿಸಿ, ಅದರ ಪಕ್ಕಕ್ಕೆ ಆರಿ ಹಿಡಿದು ಒತ್ತಿ. ಹತ್ತಿಪ್ಪತ್ತು ತೂತು ಹೀಗೆ ಹಾಕಿದರೆ ಕೈಗೆ ಅಂದಾಜು ಸಿಗುತ್ತದೆ. ಹಿಂಬದಿಗೂ ಗೆರೆ ಹಾಕಿ, ಮೊನೆ ಆ ಗೆರೆಯ ಮೇಲೇ ಏಳುತ್ತದಾ ಅಂತ ನೋಡುತ್ತಾ ಒತ್ತಿ. ಆರಿ ಮೊಂಡಾಗಿದ್ದರೆ ಇದೆಲ್ಲ ದಂಡ. ಮೊಂಡ ಆರಿಗೆ ಜಾಸ್ತಿ ಒತ್ತಡ ಬೇಕು. ಜಾಸ್ತಿ ಒತ್ತಿದಾಗ ಮಣಿಕಟ್ಟು ವಾಲುತ್ತದೆ. ಹಳೇ ಬೆಲ್ಟಿನ ಒರಟು ಬದಿಗೆ ಪಾಲಿಶ್ ಪುಡಿ ಹಚ್ಚಿ, ಕೆಲಸ ಶುರು ಮಾಡುವ ಮೊದಲು ಮೊನೆಯನ್ನು ನಾಲ್ಕು ಸಲ ಎಳೆಯಿರಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಕಾ ಕೈಯಲ್ಲಿರುವ ಆರಿಗೂ ನಾವು ತರಿಸುವ ಆರಿಗೂ ವ್ಯತ್ಯಾಸ ಇದೆ. ಅವರದಕ್ಕೆ ತುದಿಯಲ್ಲಿ ಕೊಕ್ಕೆ ಇರುತ್ತದೆ, ಅದೇ ದಾರವನ್ನು ಕೆಳಗಿನಿಂದ ಎತ್ತುತ್ತದೆ. ಎರಡು ಸೂಜಿಯ ಹೊಲಿಗೆಗೆ ಬೇಕಾದದ್ದು ಕೊಕ್ಕೆ ಇಲ್ಲದ, ಇಸ್ಪೀಟಿನ ಡೈಮಂಡ್ ಆಕಾರದ ಮೊನೆ. ಕೊಕ್ಕೆ ಆರಿಯಲ್ಲಿ ತೂತು ಹಾಕಿ ಎರಡು ಸೂಜಿಯಿಂದ ಹೊಲಿದರೆ ತೂತು ಹರಿದಂತೆ ಅಗಲವಾಗಿ ಕಾಣುತ್ತದೆ. ಅದು ಅವರ ಆರಿಯ ತಪ್ಪಲ್ಲ.

ತೂತು ಸರಿ ಇದೆ, ಆದರೂ ಹೊಲಿಗೆ ಸರಿ ಇಲ್ಲ

ಈಗ ದಾರ. ಎರಡು ಸೂಜಿ, ಒಂದೇ ದಾರ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಹಾಯಬೇಕು. ಮಷೀನ್ ಹೊಲಿಗೆಗಿಂತ ಇದು ಗಟ್ಟಿ. ಯಾಕೆಂದರೆ ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ.

ಹೊಲಿಗೆಗಳು ಓರೆಯಾಗಿ ಒಂದೇ ದಿಕ್ಕಿಗೆ ಮಲಗಬೇಕು. ಮಧ್ಯೆ ಒಂದೆರಡು ಅಡ್ಡ ಬಿದ್ದಿದ್ದರೆ ಅಲ್ಲಿ ನೀವು ಫೋನ್ ಎತ್ತಿದ್ದಿರಿ! ವಾಪಸ್ ಕೂತಾಗ ಸೂಜಿಯ ಸರದಿ ಅದಲುಬದಲಾಗಿದೆ. ಎಡಗೈ ಸೂಜಿ ಮೊದಲು ಅಂದರೆ ಕೊನೆಯವರೆಗೂ ಎಡಗೈ ಸೂಜಿಯೇ ಮೊದಲು. ಬಲಗೈ ಸೂಜಿ ಆ ದಾರದ ಯಾವ ಪಕ್ಕದಲ್ಲಿ ಹೋಗುತ್ತದೋ ಪ್ರತಿ ತೂತಿನಲ್ಲೂ ಅದೇ ಪಕ್ಕ. ಇಷ್ಟೇ ನಿಯಮ. ನಾನು ಎಡಗೈ ಸೂಜಿಗೆ ಸ್ಕೆಚ್ ಪೆನ್ನಿನಿಂದ ಕೆಂಪು ಚುಕ್ಕೆ ಇಟ್ಟುಕೊಂಡಿದ್ದೇನೆ.

ಎಳೆದರೂ ಹೊಲಿಗೆ ಬಿಗಿಯಾಗದಿದ್ದರೆ ಎರಡನೇ ಸೂಜಿ ಮೊದಲನೇ ದಾರವನ್ನೇ ಚುಚ್ಚಿಕೊಂಡು ಹೋಗಿದೆ. ದಾರದೊಳಗೆ ದಾರ ಸಿಕ್ಕಿಹಾಕಿಕೊಂಡರೆ ಜಗ್ಗಿದಷ್ಟೂ ಗಂಟಾಗುತ್ತದೆ. ಎರಡನೇ ಸೂಜಿ ಅರ್ಧ ಒಳಗೆ ಹೋದಾಗ ಮೊದಲನೇ ದಾರವನ್ನು ಸ್ವಲ್ಪ ಹಿಂದಕ್ಕೆ ಜಗ್ಗಿ ನೋಡಿ. ಸಲೀಸಾಗಿ ಆಡಿದರೆ ಸರಿ. ಆಡದಿದ್ದರೆ ಸೂಜಿ ವಾಪಸ್ ತೆಗೆಯಿರಿ. ಮೊನೆ ಮೊಂಡಾದ ಸೂಜಿ ಬಳಸಿದರೆ ಈ ರಗಳೆ ಕಡಿಮೆ. ತೂತು ಆಗಲೇ ಇದೆ, ಚೂಪು ಸೂಜಿಗೆ ಅಲ್ಲಿ ಕೆಲಸ ಇಲ್ಲ.

ದಾರ ನಡುವೆ ನಾರು ಏಳುತ್ತಿದ್ದರೆ ಮೇಣ ಸಾಲದು, ಇಲ್ಲವೇ ದಾರ ಜಾಸ್ತಿ ಉದ್ದ ಆಯಿತು. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಸಾಕು. ಚರ್ಮ ತುಂಬಾ ದಪ್ಪ ಇದ್ದರೆ ಸ್ವಲ್ಪ ಜಾಸ್ತಿ ಹಿಡಿಯಿರಿ. ತೂತಿನಿಂದ ತೂತಿಗೆ ಚರ್ಮ ಸೀಳಿದ್ದರೆ ತೂತುಗಳು ಹತ್ತಿರ ಆಗಿವೆ. ಬೆಲ್ಟಿಗೆ, ಚೀಲಕ್ಕೆ 4 ಮಿ.ಮೀ. ಅಂತರ, 0.8 ಮಿ.ಮೀ. ದಾರ ಅಂತ ಶುರು ಮಾಡಿ. ಸಣ್ಣ ಹೊಲಿಗೆಯ ಆಸೆ ಆಮೇಲೆ ಇರಲಿ.

ಕಪ್ಪು ಚುಕ್ಕೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಒಂದು ಬೆಲ್ಟಿನ ಪಟ್ಟಿ ಒದ್ದೆ ಮಾಡಿ, ಹೂವಿನ ಅಚ್ಚು ಒತ್ತಿ, ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಸಾಸಿವೆ ಕಾಳಿನಷ್ಟು ಸಣ್ಣ ನೀಲಿ-ಕಪ್ಪು ಚುಕ್ಕೆ, ಹತ್ತಾರು. ಬೂಷ್ಟು ಅಂದುಕೊಂಡೆ. ಒರೆಸಿದೆ, ಹೋಗಲಿಲ್ಲ. ಮಳೆಗಾಲವೂ ಅಲ್ಲ, ಮಾರ್ಚ್ ತಿಂಗಳು. ನೀರಿನ ಮೇಲೆ ಅನುಮಾನ ಬಂತು. ಕುಡಿಯುವ ನೀರಿನಲ್ಲಿ ಇನ್ನೊಂದು ತುಂಡು ನೆನೆಸಿದೆ. ಅದರಲ್ಲೂ ಬಂತು. ಚರ್ಮದ್ದೇ ತಪ್ಪು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವುದೊಂದು ಬಾಕಿ. ಆಗ ಅದೇ ಪಟ್ಟಿಯ ಉಳಿದ ತುಂಡನ್ನು ಅಡುಗೆಮನೆ ಕಟ್ಟೆಯ ಮೇಲೆ ಒದ್ದೆ ಮಾಡಿ ಇಟ್ಟೆ. ಒಂದು ಚುಕ್ಕೆಯೂ ಇಲ್ಲ.

ಹಾಗಾದರೆ ತಪ್ಪು ನನ್ನ ಕೆಲಸದ ಮಣೆಯದ್ದು. ಬಿಳಿ ಬಟ್ಟೆ ಒದ್ದೆ ಮಾಡಿ ಮಣೆ ಒರೆಸಿದೆ. ಬೂದು ಬಣ್ಣದ ನುಣ್ಣನೆ ಪುಡಿ ಬಂತು. ಹಿಂದಿನ ದಿನ ಅದೇ ಮಣೆಯ ಮೇಲೆ ರಂಪಿಗೆಯನ್ನು, ಅಂದರೆ ಚರ್ಮ ಕತ್ತರಿಸುವ ಕತ್ತಿಯನ್ನು, ಅರದಿಂದ ಉಜ್ಜಿ ಹರಿತ ಮಾಡಿದ್ದೆ. ಕಬ್ಬಿಣದ ಪುಡಿ!

ತೊಗಟೆ ಹದದ ಚರ್ಮದಲ್ಲಿ ಟ್ಯಾನಿನ್ ಇರುತ್ತದೆ. ಅದು ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ನೀಲಿ-ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಕತೆ. ಅಳಲೆಕಾಯಿಯ ಟ್ಯಾನಿನ್ನು, ಅನ್ನಭೇದಿಯ ಕಬ್ಬಿಣ. ನಾನು ನನಗೇ ಗೊತ್ತಿಲ್ಲದೆ ಬೆಲ್ಟಿನ ಮೇಲೆ ಮಸಿ ತಯಾರಿಸಿದ್ದೆ.

ಖಾತ್ರಿ ಮಾಡಿಕೊಳ್ಳಲು ನಿಂಬೆಹಣ್ಣು ಸಾಕು. ಚುಕ್ಕೆಯ ಮೇಲೆ ಒಂದು ಹನಿ ರಸ ಬಿಟ್ಟು ಕೆಲವು ನಿಮಿಷ ಕಾಯಿರಿ. ಚುಕ್ಕೆ ಮಾಸುತ್ತಾ ಬಂದರೆ ಕಬ್ಬಿಣವೇ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ನೆರಳಲ್ಲಿ ಒಣಗಿಸಿ. ಹುಳಿ ಚರ್ಮದಲ್ಲೇ ಉಳಿಯಬಾರದು. ಒಂದೇ ಜಾಗಕ್ಕೆ ರಸ ಹಚ್ಚಿದರೆ ಅಲ್ಲಿ ತೆಳು ಬಣ್ಣದ ಕಲೆ ನಿಲ್ಲಬಹುದು. ಹಾಗಾದರೆ ಇಡೀ ಪಟ್ಟಿಗೆ ತೆಳ್ಳಗೆ ಸವರಿಬಿಡಿ.

ಈಗ ನಾನು ಸಲಕರಣೆ ಹರಿತ ಮಾಡುವುದು ಅಂಗಳದಲ್ಲಿ. ಆಮೇಲೆ ಕೈ ತೊಳೆಯುತ್ತೇನೆ. ಕಬ್ಬಿಣದ ಗುಂಡಿ, ರಿವೆಟ್ಟು ಕೂಡ ಹೀಗೇ ಸುತ್ತ ಕಪ್ಪು ಮಾಡುತ್ತವೆ, ಹಿತ್ತಾಳೆಯದ್ದೇ ತನ್ನಿ. ಹಿತ್ತಾಳೆಯ ಸುತ್ತ ಕೆಲವು ವರ್ಷಕ್ಕೆ ಪಾಚಿಯಂಥ ಹಸಿರು ಕೂರುತ್ತದೆ. ಅದು ಚರ್ಮದ ಎಣ್ಣೆ ಮತ್ತು ತಾಮ್ರದ ಕೆಲಸ. ಕಡ್ಡಿಯಿಂದ ಕೆರೆದರೆ ಹೋಗುತ್ತದೆ.

ಬಿಳಿ ಪುಡಿ

ಜೂನ್ ಶುರುವಾಗಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಪಾಟಿನಲ್ಲಿಟ್ಟ ಚೀಲದ ಪಾಡೇನು. ಆದರೆ ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಮೂರು ಬೇರೆ ಬೇರೆ ವಸ್ತು ಒಂದೇ ತರ ಕಾಣುತ್ತವೆ, ಮದ್ದು ಮಾತ್ರ ಬೇರೆ.

ತಲೆಕೂದಲು ಒಣಗಿಸುವ ಡ್ರೈಯರ್ ತನ್ನಿ. ಕಡಿಮೆ ಬಿಸಿಯಲ್ಲಿ, ದೂರದಿಂದ ಗಾಳಿ ಬಿಡಿ. ಬಿಳಿ ಕರಗಿ ಮಾಯವಾದರೆ ಅದು ಕೊಬ್ಬು. ಕರಗದೆ ಹಾಗೇ ಇದ್ದರೆ ಒದ್ದೆ ಬಟ್ಟೆಯ ತುದಿ ತಾಗಿಸಿ. ನೀರಲ್ಲಿ ಕರಗಿ, ಒಣಗಿದ ಮೇಲೆ ಮತ್ತೆ ಬಂದರೆ ಉಪ್ಪು. ಬೆವರಿನಿಂದ ಕೈಗಡಿಯಾರದ ಪಟ್ಟಿಯಲ್ಲಿ ಬರುತ್ತದೆ. ಎಳೆಎಳೆಯಾಗಿ, ನಯವಾದ ಹತ್ತಿಯಂತೆ ಎದ್ದಿದ್ದು, ಮುಗ್ಗಲು ವಾಸನೆ ಇದ್ದರೆ ಬೂಷ್ಟು.

ಕೊಬ್ಬಿನ ಬಿಳಿ ಮಳೆಗಾಲದಲ್ಲಲ್ಲ, ಚಳಿಯಲ್ಲಿ ಬರುತ್ತದೆ. ನಮ್ಮ ಕಡೆ ಚಪ್ಪಲಿಗೆ, ಬೆಲ್ಟಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ. ಹಿರಿಯರು ಹೇಳಿದ್ದಾರೆ ಅಂತ ನಾನೂ ಧಾರಾಳವಾಗಿ ಹಚ್ಚಿದ್ದೆ. ಡಿಸೆಂಬರ್ ಒಂದು ಬೆಳಿಗ್ಗೆ ಬೆಲ್ಟು ಪೂರ್ತಿ ಬಿಳಿ. ಪಕ್ಕದ ಕಪಾಟಿನಲ್ಲಿ ಎಣ್ಣೆ ಬಾಟಲಿಯೂ ಹೆಪ್ಪುಗಟ್ಟಿ ಬಿಳಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಬೆಲ್ಟು ಹೀರದೆ ಮೇಲೆ ಉಳಿದಿದ್ದ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು, ಅಷ್ಟೇ. ಡ್ರೈಯರಿನಲ್ಲಿ ಕರಗಿಸಿ ಒಣ ಬಟ್ಟೆಯಿಂದ ಒರೆಸಿದೆ. ಮುಂದಿನ ಸಲ ಐದಾರು ಹನಿ ಮಾತ್ರ ಹಚ್ಚಿದೆ, ಬಿಳಿ ಬರಲಿಲ್ಲ. ಎಣ್ಣೆ ಜಾಸ್ತಿಯಾದರೆ ಮಳೆಗಾಲದಲ್ಲಿ ಬೂಷ್ಟಿಗೂ ಅದೇ ಊಟ.

ಬೂಷ್ಟು ಬಂದರೆ ಮನೆಯೊಳಗೆ ಝಾಡಿಸಬೇಡಿ, ಎಲ್ಲ ಕಡೆ ಹರಡುತ್ತದೆ. ಹೊರಗೆ ಒಯ್ದು ಒಣ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಬಿಸಾಡಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಾಕಿದ ಬಟ್ಟೆಯಿಂದ ಒರೆಸಿ. ಬಣ್ಣ ಎದ್ದುಬರುತ್ತದಾ ಅಂತ ಮೊದಲು ಒಳ ಮೂಲೆಯಲ್ಲಿ ನೋಡಿಕೊಳ್ಳಿ. ಗಾಳಿಯಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ, ಹಳೇ ಹತ್ತಿ ದಿಂಬಿನ ಕವರ್ ಒಳ್ಳೆಯದು.

ಅಂಚು ಹೊಳೆಯದು, ಅಂಚು ಬಿಡುವುದು

ಕ್ರೋಮ್ ಚರ್ಮ ಅಲ್ಲ ಅಂತ ಆಗಲೇ ಖಾತ್ರಿಯಾಗಿದೆ ಅಲ್ವಾ? ಹಾಗಾದರೆ ಸಾಮಾನ್ಯವಾಗಿ ಎರಡು ಕಾರಣ. ಎರಡು ಪದರ ಸಮ ಇಲ್ಲದಿದ್ದರೂ ಹಾಗೇ ಉಜ್ಜಲು ಶುರು ಮಾಡಿದ್ದೀರಿ. ಇಲ್ಲವೇ ನೀರು ಜಾಸ್ತಿ ಹಾಕಿದ್ದೀರಿ. 220 ನಂಬರಿನ ಸ್ಯಾಂಡ್ ಪೇಪರಿನಿಂದ ಶುರು ಮಾಡಿ, 400, 600 ಅಂತ ಹೋಗಿ. ಉಗುರು ಅಡ್ಡ ಎಳೆದರೆ ಪದರದ ಸಂದು ತಿಳಿಯಬಾರದು. ಆಮೇಲೆ ಬೆರಳಿನ ತುದಿಯಷ್ಟು ತೇವ ಮಾಡಿ, ಹಳೇ ಜೀನ್ಸ್ ತುಂಡಿನಿಂದ ಜೋರಾಗಿ, ಬಿಸಿ ಏಳುವಷ್ಟು ಉಜ್ಜಿ. ಅಂಚು ಮೆತ್ತಗಾಗಿ ಅಣಬೆಯಂತೆ ಹೊರಗೆ ಹರಡಿದರೆ ನೀರು ಜಾಸ್ತಿಯಾಯಿತು. ಒಣಗಲು ಬಿಟ್ಟು ಮತ್ತೆ ಪೇಪರಿನಿಂದ ಶುರು ಮಾಡಿ, ಬೇರೆ ದಾರಿ ಇಲ್ಲ.

ಪದರಗಳೇ ಬಿಟ್ಟುಕೊಂಡರೆ ಅದು ಅಂಟಿನದು. ಚಪ್ಪಲಿ ಅಂಗಡಿಯ ಸೊಲ್ಯೂಷನ್ ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಒದ್ದೆ ಇದ್ದಾಗಲೇ ಒತ್ತುವುದು ನಮ್ಮ ಅವಸರ. ಬಿಟ್ಟುಹೋದ ಜಾಗ ಬಿಡಿಸಿ ನೋಡಿ. ಅಂಟು ಪೂರ್ತಿ ಒಂದೇ ಬದಿಗೆ ಬಂದಿದ್ದು, ಇನ್ನೊಂದು ಬದಿ ನಯವಾಗಿ ಸ್ವಚ್ಛ ಇದ್ದರೆ ಆ ನಯವಾದ ಬದಿಯನ್ನು ಕೆರೆದು ಒರಟು ಮಾಡಲು ಮರೆತಿದ್ದೀರಿ.

ಉಳಿದವು ಬೇಗ ಬೇಗ

ಬಣ್ಣ ಹಾಕಿದಾಗ ದ್ವೀಪದಂತೆ ತೆಳು ಜಾಗ ಉಳಿದರೆ ಅಲ್ಲಿ ಅಂಟೋ ಕೈಯ ಜಿಡ್ಡೋ ಇತ್ತು. ಬಣ್ಣ ಪ್ಯಾಂಟಿಗೆ ಹತ್ತುತ್ತಿದ್ದರೆ ಮೇಲೆ ಕೂತ ಪುಡಿ ಒರೆಸದೆ ಪಾಲಿಶ್ ಹಾಕಿದ್ದೀರಿ. ಬಟ್ಟೆಗೆ ಬಣ್ಣ ಬರುವುದು ನಿಲ್ಲುವವರೆಗೂ ಒಣ ಬಟ್ಟೆಯಿಂದ ಉಜ್ಜಿ.

ಒತ್ತಿದ ಅಚ್ಚು ಮರುದಿನ ಮಾಯವಾದರೆ ಒತ್ತುವಾಗ ಚರ್ಮ ತುಂಬಾ ಒದ್ದೆ ಇತ್ತು. ನೆನೆಸಿದ ಮೇಲೆ ಅದರ ಮೊದಲಿನ ಬಣ್ಣ ಬಹುತೇಕ ವಾಪಸ್ ಬರುವವರೆಗೆ ಕಾಯಿರಿ. ಆಗಲೂ ಕೆನ್ನೆಗೆ ಹಿಡಿದರೆ ತಣ್ಣಗಿರಬೇಕು. ಅದೇ ಹದ.

ಬಾಗಿಸಿದಲ್ಲಿ ಬಿರುಕು ಬಿಟ್ಟರೆ ಎಲ್ಲಿ ಒಣಗಿಸಿದಿರಿ ಅಂತ ನೆನಪು ಮಾಡಿಕೊಳ್ಳಿ. ಒದ್ದೆ ತೊಗಟೆ ಹದದ ಚರ್ಮ 70-80 ಡಿಗ್ರಿ ಬಿಸಿಗೆ ಮುದುಡಿ ಕಟ್ಟಿಗೆಯಾಗುತ್ತದೆ. ಒಲೆಯ ಪಕ್ಕ, ಬೈಕಿನ ಸೈಲೆನ್ಸರ್ ಹತ್ತಿರ ಇಟ್ಟದ್ದನ್ನು ಯಾವ ಎಣ್ಣೆಯೂ ಸರಿ ಮಾಡಲಾರದು.

ಬೆಲ್ಟು ತಿಂಗಳೊಳಗೆ ಎರಡು ತೂತಿನಷ್ಟು ಉದ್ದವಾದರೆ ಅದನ್ನು ಹೊಟ್ಟೆಯ ಭಾಗದಿಂದ ಕತ್ತರಿಸಿದ್ದೀರಿ. ಬೆಲ್ಟಿಗೆ ಬೆನ್ನಿನ ಭಾಗ ಬೇಕು, ಅದೂ ಬೆನ್ನೆಲುಬಿನ ಉದ್ದಕ್ಕೆ. ಕೊಳ್ಳುವ ಮೊದಲೇ ತುಂಡಿನ ಎರಡು ತುದಿ ಹಿಡಿದು ಜಗ್ಗಿ ನೋಡಿ, ಜಾಳಾಗಿ ಹಿಗ್ಗಿದರೆ ಬಿಟ್ಟುಬಿಡಿ. ನನ್ನ ಡಬ್ಬಿಯ ನಾಲ್ಕನೇ ಬೆಲ್ಟು ಇದೇ. ಈಗ ಅದನ್ನು ತುಂಡು ಮಾಡಿ, ಹೊಸ ಬಣ್ಣ ತಂದಾಗ ಮೊದಲು ಅದರ ಮೇಲೇ ಹಚ್ಚಿ ನೋಡುತ್ತೇನೆ.